ಕುಚ್ಚಲಕ್ಕಿ, ಕಡಲ ನೀರು ಮತ್ತು ಕಾಂಡ್ಲಾ ಎಲೆಯ ಶಿಲೀಂಧ್ರ: ನನ್ನ ಅನುಭವ

ಕಾರವಾರದ ಬಳಿ ಕಾಳಿ ನದಿಯ ಅಳಿವೆಯಲ್ಲಿ ಕೊಳೆಯುತ್ತಿದ್ದ ಕಾಂಡ್ಲಾ (ಮ್ಯಾಂಗ್ರೋವ್) ಎಲೆಗಳಿಂದ ಬೇರ್ಪಡಿಸಿದ ಪೆನಿಸಿಲಿಯಂ ಎಂಬ ಶಿಲೀಂಧ್ರದ ತಳಿಯೊಂದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಕೊನೆಗೂ ಸ್ಥಿರವಾದ ಫಲಿತಾಂಶ ಕೊಡುತ್ತಿದೆ. ಇದು ಮಳೆನೀರಿನೊಂದಿಗೆ ಹರಿದುಬಂದ ನೆಲದ ಬೂಷ್ಟು, ಇದನ್ನು ಕಡಲಿನದೆಂದು ಕರೆಯುವುದೇ ಸಲ್ಲದು ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. 1945ರಲ್ಲಿ ಜುಸೆಪ್ಪೆ ಬ್ರೋಟ್ಜು ಅವರು ಸಾರ್ಡೀನಿಯಾದ ಕಾಲ್ಯಾರಿಯಲ್ಲಿ, ಚರಂಡಿ ನೀರು ಸಮುದ್ರ ಸೇರುವ ಜಾಗದಿಂದ ತೆಗೆದ ಶಿಲೀಂಧ್ರವೇ ಸೆಫಲೊಸ್ಪೊರಿನ್ ಎಂಬ ಪ್ರತಿಜೀವಕ ಔಷಧಗಳಿಗೆ ಮೂಲವಾಯಿತೆಂಬುದನ್ನು ನೆನೆದು, ತಳಿಯ ಹುಟ್ಟೂರಿನ ಚರ್ಚೆಯನ್ನು ಬದಿಗಿಟ್ಟು ಅದನ್ನು ಬೆಳೆಸುವ ಬಗೆಯನ್ನೇ ಬದಲಿಸುತ್ತ ಹೋದೆ.

ಆಲೂಗಡ್ಡೆ ಡೆಕ್ಸ್‌ಟ್ರೋಸ್ ದ್ರವದಲ್ಲಿ ಶೇಕರ್ ಮೇಲೆ ಬೆಳೆಸಿದಾಗ ಮೊದಲು 15 ಮಿಲಿಮೀಟರಿನಷ್ಟಿದ್ದ ಪ್ರತಿಬಂಧಕ ವಲಯ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಸುತ್ತು) ಕೆಲವೇ ಮರುನಾಟಿಗಳಲ್ಲಿ ಮಾಯವಾಯಿತು. ಬಳಿಕ ಶೇಕರ್ ಬಿಟ್ಟು, 500 ಮಿಲಿಲೀಟರಿನ ಫ್ಲಾಸ್ಕಿನಲ್ಲಿ ಸುಮಾರು 100 ಗ್ರಾಂ ಅಕ್ಕಿಗೆ ಅಷ್ಟೇ ಕಡಲ ನೀರು ಹಾಕಿ, ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಂದು), ಶಿಲೀಂಧ್ರ ಹಾಕಿ, ಮೂರು ವಾರಕ್ಕೂ ಹೆಚ್ಚು ಕಾಲ ಅಲುಗಾಡಿಸದೆ ಇಟ್ಟೆ. ಸೋನಾ ಮಸೂರಿ ಮುದ್ದೆಯಾಗಿ ಒಳಗೆ ಗಾಳಿಯಾಡಲಿಲ್ಲ. ಕುಚ್ಚಲಕ್ಕಿಯ ಕಾಳುಗಳು ಬಿಡಿಬಿಡಿಯಾಗಿ ಉಳಿದು, ಶಿಲೀಂಧ್ರದ ತಂತುಗಳು ತಳದವರೆಗೂ ಇಳಿದವು, ವಲಯವೂ ಮರಳಿತು. ಜೋಳ, ರಾಗಿಗಳಲ್ಲೂ ಬೆಳೆಸಿ ನೋಡಿದೆ: ಬೆಳವಣಿಗೆ ಸೊಗಸಾಗಿತ್ತು, ವಲಯ ಮಾತ್ರ ಇರಲಿಲ್ಲ. ಅದೇ ಕುಚ್ಚಲಕ್ಕಿಯನ್ನು ಕಡಲ ನೀರಿನ ಬದಲು ಬಟ್ಟಿ ಇಳಿಸಿದ ನೀರಿನಲ್ಲಿ ಹಾಕಿದಾಗ ವಲಯ ಬರಲಿಲ್ಲವೆಂಬುದೇ, ಇದು ಕಡಲಿನದಲ್ಲವೆಂದು ಅನುಮಾನಿಸಿದವರಿಗೆ ನನ್ನ ಉತ್ತರ.

ಅಕ್ಕಿಯ ಕೊಬ್ಬಿನಾಮ್ಲಗಳೂ ಸ್ಟ್ಯಾಫಿಲೊಕಾಕಸನ್ನು ತಡೆಯುತ್ತವೆ. ಆದ್ದರಿಂದ ಶಿಲೀಂಧ್ರ ಹಾಕದ ಅಕ್ಕಿಯ ಸಾರವನ್ನೂ ಹೋಲಿಕೆಗಾಗಿ ಪರೀಕ್ಷೆಯ ಪ್ರತಿ ತಟ್ಟೆಯಲ್ಲೂ ಇಡಬೇಕು. ಸಾರವನ್ನು ಜಲಮಿಶ್ರಿತ ಮೆಥನಾಲಿನಲ್ಲಿ ಕರಗಿಸಿ, ಹೆಕ್ಸೇನಿನಿಂದ ಕೊಬ್ಬನ್ನು ತೊಳೆದು ತೆಗೆಯಬೇಕು. ಹಣವೆಲ್ಲ ಕರಗುವುದು ದ್ರಾವಕಗಳಲ್ಲಿ. ಇಥೈಲ್ ಅಸಿಟೇಟ್ ಒಂದಕ್ಕೇ ಮೊದಲ ವರ್ಷ 40 ಸಾವಿರ ರೂಪಾಯಿಯ ಹತ್ತಿರ ಖರ್ಚಾಯಿತು. ದ್ರಾವಕವನ್ನು ಆವಿಯಾಗಿಸುವ ರೋಟರಿ ಇವಾಪರೇಟರಿನಲ್ಲಿ ಅದನ್ನು ಹಿಡಿದು ಮರುಬಳಸಲು ತೊಡಗಿದ ಮೇಲೆ ಅದು ಅರ್ಧಕ್ಕಿಳಿಯಿತು.

ಮೊದಲು ಕೈಗೆ ಬಂದ ಹಳದಿ ಹರಳು, ಅಣುವಿನ ದ್ರವ್ಯರಾಶಿ 250 ಎಂದು ಕಂಡೊಡನೆ, ಸಿಟ್ರಿನಿನ್ ಎಂದು ತಿಳಿಯಿತು. ಮೂತ್ರಪಿಂಡಕ್ಕೆ ವಿಷವಾದ ಆ ಹಳೆಯ ಸಂಯುಕ್ತಕ್ಕೆ ಇನ್ನಷ್ಟು ಹಣ ಸುರಿಯಲಿಲ್ಲ. ಅದರ ಹಿಂದೆಯೇ ಸಾರದ ಅಂಶಗಳನ್ನು ಬೇರ್ಪಡಿಸುವ ಕಾಲಮ್ಮಿನಿಂದ ಇಳಿಯುವ ಬಣ್ಣವಿಲ್ಲದ ಭಾಗ ಮಿಲಿಲೀಟರಿಗೆ ಸುಮಾರು 8 ಮೈಕ್ರೊಗ್ರಾಂನಲ್ಲೇ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಕಚ್ಚಾ ಸಾರಕ್ಕೆ 125ರ ಆಸುಪಾಸು ಬೇಕಾಗುತ್ತಿತ್ತು. ಎರಡನೆಯ ವಾರ ಫ್ಲಾಸ್ಕಿಗೆ ನಾನು ಸೇರಿಸುವ ಲವಣ ಯಾವುದೆಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ. ಅಣುವಿನ ರಚನೆ ತಿಳಿಸುವ ಕಾರ್ಬನ್ ಎನ್‌ಎಂಆರ್‌ಗೆ ಇನ್ನೂ ಕೆಲವು ಮಿಲಿಗ್ರಾಂ ಶುದ್ಧ ವಸ್ತು ಬೇಕಾಗಿರುವುದರಿಂದ ಮುಂದಿನ ಸುತ್ತಿನ ಅಕ್ಕಿಯನ್ನು ಈಗಾಗಲೇ ಹಾಕಿದ್ದೇನೆ.