ಬಿದ್ರಿ ಅಂಗಡಿಗೊಂದು ವೆಬ್‌ಸೈಟ್: ವರ್ಡ್‌ಪ್ರೆಸ್‌ನಲ್ಲಿ ಶುರು ಮಾಡಿ

ಬೀದರ್‌ನಲ್ಲಿ ಬಿದ್ರಿ ಸಾಮಾನಿನ ಅಂಗಡಿ ಇದೆ, ವೆಬ್‌ಸೈಟ್ ಬೇಕು, ಆದರೆ ಕೋಡಿಂಗ್ ಬರಲ್ಲ ಅಂದ್ರೆ ವರ್ಡ್‌ಪ್ರೆಸ್ ಅನ್ನೋ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಸಾಕು. 2003ರಿಂದ ಇದೆ, ಪುಕ್ಕಟೆ. ದುಡ್ಡು ಹೋಗೋದು ಡೊಮೈನ್‌ಗೆ (ಸೈಟ್‌ನ ವಿಳಾಸ), ಹೋಸ್ಟಿಂಗ್‌ಗೆ (ಸೈಟ್ ಇಡುವ ಬಾಡಿಗೆ ಜಾಗ). ಡೊಮೈನ್ ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ನಲ್ಲೇ ಇರಲಿ. ಸೈಟ್ ಮಾಡಿಕೊಡುವ ಹುಡುಗನ ಹೆಸರಲ್ಲಿದ್ದು, ನಾಳೆ ಅವನು ಫೋನ್ ಎತ್ತದಿದ್ದರೆ ಪರದಾಡೋದು ನೀವೇ ಅಲ್ವಾ?

ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ವರ್ಡ್‌ಪ್ರೆಸ್ ಇನ್‌ಸ್ಟಾಲ್ ಬಟನ್ ಇರುತ್ತದೆ. ಯೂಸರ್‌ನೇಮ್ 'ಅಡ್ಮಿನ್' ಅಂತ ಇಡಬೇಡಿ, ಕಳ್ಳರು ಮೊದಲು ಊಹಿಸೋದೇ ಅದನ್ನು. ಆಮೇಲೆ ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್‌ಗೆ ಹೋಗಿ 'ಪೋಸ್ಟ್ ನೇಮ್' ಆರಿಸಿ, ಆಗ ಬರಹದ ಶೀರ್ಷಿಕೆಯೇ ಅದರ ಲಿಂಕ್ ಆಗುತ್ತದೆ. ಜನರಲ್‌ನಲ್ಲಿ ಭಾಷೆ ಕನ್ನಡ ಮಾಡಬಹುದು, ಆದರೆ ಮೆನುವಿನ ಹೆಸರುಗಳೂ ಬದಲಾಗುತ್ತವೆ, ಗಾಬರಿಯಾಗಬೇಡಿ.

ಕನ್ನಡದವರಿಗೆ ಮಾತ್ರ ಒಂದು ತಲೆನೋವಿದೆ. 'ಬಿದ್ರಿ ಹೂದಾನಿ' ಅಂತ ಶೀರ್ಷಿಕೆ ಕೊಟ್ಟರೆ ಲಿಂಕೂ ಕನ್ನಡದಲ್ಲೇ ಆಗುತ್ತದೆ, ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಬರಬಹುದು. ಅದಕ್ಕೇ ಪಬ್ಲಿಶ್ ಮಾಡುವ ಮೊದಲು ಸ್ಲಗ್ (ಲಿಂಕ್‌ನ ಕೊನೆಯ ಭಾಗ) ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆಯಿರಿ.

ಅಂಗಡಿ ವಿಳಾಸ, ಸಮಯದಂಥ ಪದೇ ಪದೇ ಬದಲಾಗದ ವಿಷಯಕ್ಕೆಲ್ಲ ಪೇಜ್ ಮಾಡಿ. ಹೊಸ ಮಾಲು ಬಂದ ಸುದ್ದಿಗೆ ಪೋಸ್ಟ್ ಹಾಕಿ. ಫೋಟೋಗೆ ಫ್ಲ್ಯಾಶ್ ಬೇಡ, ಕಪ್ಪು ಮೈ ಹೊಳೆದು ಬೆಳ್ಳಿ ಕುಸುರಿ ಕಾಣೋದೇ ಇಲ್ಲ. ನೆರಳಲ್ಲಿ ತೆಗೆದು, ಸೈಜ್ ಇಳಿಸಿ ಹಾಕಿ. ಪ್ಲಗಿನ್ (ಸೈಟ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ತುಣುಕು) ಸುಮ್ನೆ ತುಂಬಬೇಡಿ. ಆದರೆ ಬ್ಯಾಕಪ್‌ಗೆ, ಅಂದ್ರೆ ಸೈಟ್‌ನ ನಕಲು ಇಟ್ಟುಕೊಳ್ಳೋಕೆ, ಒಂದು ಬೇಕೇ ಬೇಕು.