ಕಾಡ್ಗಿಚ್ಚಿನ ಸೀಸನ್ನಲ್ಲಿ ಬೆಟ್ಟದ ಕ್ಯಾಬಿನ್‌ಗೆ ಹೋಗೋರಿಗೆ

ಬುಕ್ ಮಾಡೋಕ್ ಮುಂಚೆ ವ್ಯೂ ಬಿಡಿ, ಕೆಳಗಿಳಿಯೋಕೆ ಎಷ್ಟು ದಾರಿ ಇದೆ ನೋಡ್ಕೊಳಿ, ಒಂದೇ ರೋಡಿದ್ರೆ ಗಾಳಿ ಜೋರಿರೋ ದಿನ ನಾನಂತೂ ಹೋಗಲ್ಲ. ಬೆಂಕಿ ಇಳಿಜಾರಲ್ಲಿ ಮೇಲಕ್ಕೆ ಹತ್ತೋವಾಗ ಸ್ಪೀಡ್ ಜಾಸ್ತಿ, ಮೇಲಿರೋ ಗಿಡಗಳು ಆ ಬಿಸಿಗೇ ಒಣಗಿ ಹತ್ಕೊಳ್ಳೋಕೆ ರೆಡಿಯಾಗಿರ್ತವೆ, ಅದಕ್ಕೇ ಕೆಳಗಡೆ ಹೊಗೆ ಕಂಡ್ರೆ ಫೋಟೋ ತೆಗೀತಾ ನಿಲ್ಬೇಡಿ, ಜಾಗ ಖಾಲಿ ಮಾಡಿ ಅಂತ ಆರ್ಡರ್ ಬರೋ ತನಕ ಕಾಯ್ಲೂಬೇಡಿ, ಹೊರಟ್ಬಿಡಿ. ಕಾರು ರಸ್ತೆ ಕಡೆ ಮುಖ ಮಾಡಿ ನಿಲ್ಸಿ, ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಬೇಡ, ಮ್ಯಾಪ್ ಆಫ್‌ಲೈನ್ ಇರ್ಲಿ. ಹೋದ ತಕ್ಷಣ ಸೂರಿನ ಮಳೆನೀರಿನ ದೋಣೀಲಿ ಸಿಕ್ಕಿರೋ ತರಗೆಲೆ ಕೆರೆದು ತೆಗೀರಿ, ಗೋಡೆಗೆ ಒರಗಿಸಿರೋ ಸೌದೆನ 10 ಮೀಟರಾದ್ರೂ ದೂರ ಹಾಕಿ, ಯಾಕಂದ್ರೆ ಎಷ್ಟೋ ಮನೆ ಹತ್ಕೊಳ್ಳೋದೇ ಗಾಳೀಲಿ ದೂರದಿಂದ ಹಾರಿ ಬರೋ ಕಿಡಿಯಿಂದ. ಹೊಗೆಗೆ ಬಟ್ಟೆ ಮಾಸ್ಕ್ ಸಾಲಲ್ಲ, ಎನ್95 ಇಟ್ಕೊಳಿ.