‘ರಕ್ಷಣೆ ಹೊಂದೀರೇನ್ರಿ?’ ಅಂತ ಕೇಳಿದರೆ, ಉತ್ತರ ಕೊಡುವ ಮೊದಲು

ರಾಯಚೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬ್ಲೌಸು, ಶಾಲೆಯ ಯೂನಿಫಾರ್ಮು ಹೊಟ್ಟೆಪಾಡಿಗೆ. ನಾಲ್ಕು ಜನರಿಗೆ ಗೊತ್ತಾದದ್ದು ಮಾತ್ರ ಬಿಳಿ ಬಟ್ಟೆಯಿಂದ. ಕೂಸಿನ ಜ್ಞಾನಸ್ನಾನದ (ಕ್ರೈಸ್ತರು ನೀರಿನಿಂದ ಕೊಡುವ ದೀಕ್ಷೆ, ಬ್ಯಾಪ್ಟಿಸಮ್) ಫ್ರಾಕು, ಮೊದಲ ಪರಮಪ್ರಸಾದಕ್ಕೆ (ಚರ್ಚಿನಲ್ಲಿ ಕೊಡುವ ಪವಿತ್ರ ರೊಟ್ಟಿ) ಹುಡುಗಿಯರ ಗೌನು, ಮುಳುಗಿ ಸ್ನಾನ ತಗೊಳ್ಳುವವರ ನಿಲುವಂಗಿ, ಕೊನೆಗೆ ಶವಪೆಟ್ಟಿಗೆಯೊಳಗೆ ಹಾಸುವ ಬಟ್ಟೆ. ಕ್ಯಾಥೊಲಿಕರು, ಮೆಥೊಡಿಸ್ಟರು, ಪೆಂತೆಕೊಸ್ತಿನವರು, ಹೀಗೆ ಕ್ರೈಸ್ತರ ಬೇರೆ ಬೇರೆ ಪಂಥದವರೆಲ್ಲ ಬರುತ್ತಾರೆ. ಅಳತೆ ಕೊಡುತ್ತ ನಿಂತವರು ಸುಮ್ಮನಿರುವುದಿಲ್ಲ, ಮಾತು ಬಂದೇ ಬರುತ್ತದೆ.

ನಾನು ಹುಟ್ಟಿದ್ದು ಮೆಥೊಡಿಸ್ಟ್ ಮನೆಯಲ್ಲಿ. ಕೊಟ್ಟದ್ದು ಮುದಗಲ್ಲಿನ ಕ್ಯಾಥೊಲಿಕ್ ಮನೆಗೆ. ಮುದಗಲ್ಲು ಅಂದರೆ ಜನಕ್ಕೆ ಮೊಹರಂ ನೆನಪಾಗುತ್ತದೆ, ಅಲ್ಲಿ ಆದಿಲ್‌ಶಾಹಿಗಳ ಕಾಲದಿಂದ ಕ್ಯಾಥೊಲಿಕರಿದ್ದಾರೆ ಅಂದರೆ ಹುಬ್ಬು ಏರಿಸುತ್ತಾರೆ. ಇನ್ನು ನನ್ನ ತಮ್ಮ ಮೂವತ್ತು ದಾಟಿದ ಮೇಲೆ ಪೆಂತೆಕೊಸ್ತ್ ಸಭೆಗೆ ಹೋದ. ಹೀಗೆ ಒಂದೇ ಮನೆತನದಲ್ಲಿ ಮೂರು ಸಭೆ, ಅಂದರೆ ಮೂರು ಚರ್ಚು. ಕ್ರಿಸ್‌ಮಸ್ ಊಟಕ್ಕೆ ಎಲ್ಲರೂ ಕೂತಾಗ ‘ರಕ್ಷಣೆ’ (ಪಾಪದಿಂದ ಬಿಡುಗಡೆ ಸಿಕ್ಕಿ ದೇವರನ್ನು ಸೇರುವುದು) ಅನ್ನುವ ಶಬ್ದ ಯಾರ ಬಾಯಲ್ಲಾದರೂ ಬಂತೋ, ಸಾರು ಆರಿಹೋಗುತ್ತದೆ. ಇಂಥ ಮನೆಯವರಿಗೆ ಇಪ್ಪತ್ತೈದು ವರ್ಷದಲ್ಲಿ ನಾನು ಕಲಿತ ಉಪಾಯಗಳನ್ನು ಬರೆಯುತ್ತಿದ್ದೇನೆ.

ಮೊದಲು, ಹೌದು ಅಥವಾ ಇಲ್ಲ ಅನ್ನಬೇಡಿ. ಯಾವ ಕಾಲದ ಮಾತು ಅಂತ ವಿಚಾರಿಸಿ.

ನನ್ನ ತಮ್ಮ ಬೈಬಲಿನ ಮೊದಲ ಹಾಳೆಯಲ್ಲಿ ಒಂದು ತಾರೀಖು ಬರೆದಿಟ್ಟಿದ್ದಾನೆ. ಆ ರಾತ್ರಿ ಮೊಣಕಾಲೂರಿ ಪಾಪ ಒಪ್ಪಿಕೊಂಡ, ಏಸುವೇ ಕರ್ತನೆಂದ, ರಕ್ಷಣೆ ಹೊಂದಿದ. ಅವನ ಪಾಲಿಗೆ ಅದು ಮದುವೆಯ ತಾರೀಖಿನಂತೆ ಆಗಿಹೋದ ಸಂಗತಿ. ಅದಕ್ಕೇ ಅವನು ‘ಹೊಂದೀರೇನು’ ಅಂತ ಕೇಳುತ್ತಾನೆ. ನನ್ನ ಅತ್ತೆಗೆ ಅದೇ ಪ್ರಶ್ನೆ ಕೇಳಿದಾಗ ಅವರು, “ಅದನ್ನ ನಾ ಹೆಂಗ ಹೇಳ್ಲೆಪ್ಪಾ, ಸತ್ತ ಮ್ಯಾಲ ದೇವ್ರು ಹೇಳಬೇಕು” ಅಂದರು. ತಮ್ಮನಿಗೆ ಅದು ಅಪನಂಬಿಕೆಯಂತೆ ಕೇಳಿಸಿತು. ಅತ್ತೆಗೆ ತಮ್ಮನ ಪ್ರಶ್ನೆ ಸೊಕ್ಕಿನಂತೆ ಕೇಳಿಸಿತು. ಕ್ಯಾಥೊಲಿಕರ ಲೆಕ್ಕದಲ್ಲಿ ರಕ್ಷಣೆ ಜ್ಞಾನಸ್ನಾನದಲ್ಲಿ ಶುರುವಾಗಿ ಪಾಪನಿವೇದನೆ, ಪರಮಪ್ರಸಾದ, ನಡತೆ ಎಲ್ಲವನ್ನೂ ಹಾದು ಸಾವಿನವರೆಗೆ ಸಾಗುವ ದಾರಿ. ದೇವರ ಕೃಪೆಯಲ್ಲೇ ಸತ್ತರೂ ಇನ್ನೂ ಪಾಪದ ಕೊಳೆ ಉಳಿದಿದ್ದವರಿಗೆ, ಸ್ವರ್ಗಕ್ಕೆ ಹೋಗುವ ಮೊದಲು ಶುದ್ಧರಾಗಲು, ಶುದ್ಧೀಕರಣ ಸ್ಥಳ ಇದೆ. ಅದಕ್ಕೇ ಅತ್ತೆ ಪ್ರತಿ ನವೆಂಬರ್ 2ಕ್ಕೆ ಗೋರಿಗಳಿಗೆ ಮೇಣದಬತ್ತಿ ಹಚ್ಚಿ, ಮಾವನವರ ಹೆಸರಲ್ಲಿ ಪೂಜೆ ಮಾಡಿಸುತ್ತಾರೆ. (ಪೂಜೆ ಅಂದರೆ ಇಲ್ಲಿ ಬಲಿಪೂಜೆ, ಇಂಗ್ಲಿಷಿನ ‘ಮಾಸ್’. ಈ ಒಂದು ಶಬ್ದಕ್ಕೇ ತಮ್ಮನ ಸಭೆಯವರು ಎಷ್ಟು ಸಲ ಬೆಚ್ಚಿಬಿದ್ದಿದ್ದಾರೋ.)

ನಮ್ಮ ಮೆಥೊಡಿಸ್ಟರು ನಡುವೆ ನಿಲ್ಲುತ್ತೇವೆ. ನಮ್ಮ ಪಂಥದ ಮೂಲಪುರುಷ ಜಾನ್ ವೆಸ್ಲಿ 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ ತನ್ನ ಹೃದಯ ಬೆಚ್ಚಗಾಯಿತು ಅಂತ ಬರೆದುಕೊಂಡ. ತಾರೀಖು ಬರೆದಿಡುವುದರಲ್ಲಿ ಅವನು ನನ್ನ ತಮ್ಮನಿಗೆ ಅಣ್ಣ. ಆದರೆ ಅಲ್ಲಿಗೇ ಮುಗಿಯಿತು ಅನ್ನಲಿಲ್ಲ, ಪರಿಶುದ್ಧತೆಯಲ್ಲಿ ಬೆಳೆಯುತ್ತಲೇ ಇರಬೇಕು, ಬಿಟ್ಟರೆ ಜಾರಿಯೂ ಬೀಳಬಹುದು ಅಂದ.

ಇಷ್ಟಕ್ಕೂ ಬೈಬಲಿನಲ್ಲಿರುವ ಪತ್ರಗಳಲ್ಲಿ ಪೌಲನೇ ಮೂರು ಕಾಲದಲ್ಲೂ ಬರೆದಿದ್ದಾನೆ. ರೋಮಾಪುರದವರಿಗೆ 8:24ರಲ್ಲಿ (ಎಂಟನೇ ಅಧ್ಯಾಯ, 24ನೇ ವಚನ) ರಕ್ಷಣೆ ಆಗಿದೆ, 1 ಕೊರಿಂಥ 1:18ರಲ್ಲಿ ಆಗುತ್ತಾ ಇದೆ, ರೋಮಾಪುರದವರಿಗೆ 5:9ರಲ್ಲಿ ಮುಂದೆ ಆಗಲಿದೆ. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿಟ್ಟುಕೊಂಡಿದ್ದೇನೆ. ಜಗಳದ ವಾಸನೆ ಬಂದರೆ ಚೀಟಿ ತೆಗೆದು, “ಇದರಾಗ ನೀವು ಯಾವುದರ ಬಗ್ಗೆ ಕೇಳಾಕತ್ತೀರಿ?” ಅನ್ನುತ್ತೇನೆ. ಅರ್ಧ ಜನ ಕೂತು ಓದುತ್ತಾರೆ. ಉಳಿದರ್ಧ ಬ್ಲೌಸಿನ ತೋಳಿನ ಮಾತಿಗೆ ಹೊರಳುತ್ತಾರೆ, ಅದೂ ಒಳ್ಳೆಯದೇ.

ಎರಡನೆಯದು ಜ್ಞಾನಸ್ನಾನದ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಮನೆ ಒಡೆಯುವುದು ಇಲ್ಲೇ.

ಕೂಸಿನ ಫ್ರಾಕಿಗೆ ಮುಕ್ಕಾಲು ಮೀಟರ್ ಬಟ್ಟೆ ಸಾಕು, ಲೇಸು ಬೇರೆ. ಮುಳುಗುವವರ ನಿಲುವಂಗಿ ಹಾಗಲ್ಲ. ನಾನು ಮೊದಲ ಸಲ ಹೊಲಿದದ್ದು ಬಿಳಿ ಪಾಪ್ಲಿನ್ನಿನಲ್ಲಿ. ನೀರಿಗಿಳಿದ ಕೂಡಲೇ ಬಟ್ಟೆ ಮೈಗಂಟಿ ಒಳಗಿನದೆಲ್ಲ ಕಾಣಿಸಿ, ಆ ಹೆಣ್ಣುಮಗಳು ಎರಡೂ ಕೈ ಎದೆಗೆ ಅವಚಿಕೊಂಡೇ ಮೇಲೆ ಬಂದಳು. ಅಂದಿನಿಂದ ದಪ್ಪ ಟೆರಿಕಾಟಿಗೆ ಪೂರ್ತಿ ಅಸ್ತರ ಕೊಡುತ್ತೇನೆ. ಆಮೇಲೆ ಇನ್ನೊಂದು ತಾಪತ್ರಯ: ಅಂಗಿಯೊಳಗೆ ಗಾಳಿ ತುಂಬಿ ಅಂಚು ಛತ್ರಿಯಂತೆ ಮೇಲೇಳುತ್ತದೆ. ಅದಕ್ಕೆ ಅಂಚಿನ ಮಡಿಕೆಯಲ್ಲಿ ಕಬ್ಬಿಣದ ವಾಷರ್ ಇಟ್ಟು ಹೊಲಿದೆ. ಎರಡು ಸಲ ತೊಯ್ದು ಒಣಗುವಷ್ಟರಲ್ಲಿ ಸುತ್ತಲೂ ಕಂದು ಬಣ್ಣದ ಕಲೆ! ಪಾಪ ತೊಳೆಯುವ ಅಂಗಿಗೇ ತುಕ್ಕು ಹಿಡಿಸಿದೆಯಲ್ಲ ಅಂತ ತಮ್ಮ ಇವತ್ತಿಗೂ ಆಡಿಕೊಳ್ಳುತ್ತಾನೆ. ಈಗ ಒಂದು ರೂಪಾಯಿ ನಾಣ್ಯ ಹಾಕುತ್ತೇನೆ. ಸ್ಟೀಲು, ತುಕ್ಕು ಹಿಡಿಯುವುದಿಲ್ಲ.

ಆ ಕಂದು ಕಲೆಯ ಅಂಗಿಯಲ್ಲೇ ಅವನೂ ಸ್ನಾನ ತಗೊಂಡದ್ದು. ಅಪ್ಪ ಅವತ್ತು ಹೋಗಲಿಲ್ಲ. ಹಿಂದಿನ ರಾತ್ರಿ ನನ್ನ ಅಂಗಡಿಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತು, “ನಾ ಕೊಡಿಸಿದ ಸ್ನಾನ ಸುಳ್ಳಾಯ್ತೇನವ್ವಾ?” ಅಂದರು. ಎಪ್ಪತ್ತರ ಮುದುಕ, ಟೇಪು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ತಮ್ಮನನ್ನು ಕೇಳಿದರೆ, “ಅಕ್ಕಾ, ಇದು ಎರಡನೇದಲ್ಲ, ಇದೇ ಮೊದಲನೇದು” ಅಂದ. ಕೋಪದಿಂದ ಹೇಳಿದ್ದಲ್ಲ; ಅವನ ಸಭೆಯ ಬೋಧನೆಯೇ ಹಾಗೆ. ಮೊದಲು ನಂಬಬೇಕು, ಆಮೇಲೆ ಸ್ನಾನ. ನಂಬಲು ಬಾರದ ಕೂಸಿಗೆ ಹಾಕಿದ ನೀರು ಸ್ನಾನವೇ ಅಲ್ಲ. ಆ ನೀರಿನಿಂದ ರಕ್ಷಣೆ ಬರುತ್ತದೆ ಅಂತಲೂ ಅವರಲ್ಲಿ ಬಹಳ ಜನ ಹೇಳುವುದಿಲ್ಲ, ಆಗಿಹೋದ ರಕ್ಷಣೆಗೆ ಅದು ಸಾಕ್ಷಿ. ಕ್ಯಾಥೊಲಿಕರಿಗೆ ಕೂಸಿನ ಸ್ನಾನದಲ್ಲೇ ಜನ್ಮಪಾಪ ತೊಳೆದುಹೋಗುತ್ತದೆ, ಜೀವಮಾನಕ್ಕೆ ಒಂದೇ ಸಲ. ಅದಕ್ಕೇ ನನ್ನ ಮದುವೆಯಲ್ಲಿ ಫಾದರ್ ನನಗೆ ಮತ್ತೆ ಸ್ನಾನ ಕೊಡಲಿಲ್ಲ. ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ನೀರು ಹಾಕಿದ್ದರೆ ಮೆಥೊಡಿಸ್ಟರದ್ದೂ ನಡೆಯುತ್ತದೆ. ನಮ್ಮ ಸಭೆಯ ಚೀಟಿ ತೋರಿಸಿದೆ, ಮುಗಿಯಿತು. ಅಪ್ಪನಿಗೆ ಇದನ್ನು ಹೇಳಿದಾಗ, “ಅವರಿಗೆ ನಡೀತದ, ನನ್ನ ಮಗಗ ನಡೆಯಂಗಿಲ್ಲ” ಅಂದು ಎದ್ದು ಹೋದರು.

ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ತಮ್ಮನ ಬೋಧನೆಯನ್ನು ಅಪ್ಪನಿಗೆ ತಿಳಿಸಿ ಹೇಳಲು ಹೋದೆ. ಅಪ್ಪನಿಗೆ ಬೇಕಿದ್ದದ್ದು ಬೋಧನೆಯಲ್ಲ, ಅಂದು ಕೂಸನ್ನು ಎತ್ತಿಕೊಂಡು ಸಭೆಯ ಮುಂದೆ ನಿಂತಿದ್ದಕ್ಕೆ ಬೆಲೆ ಇತ್ತು ಅನ್ನುವ ಒಂದು ಮಾತು. ತಮ್ಮ ಅದನ್ನು ತನ್ನ ನಂಬಿಕೆ ಬಿಡದೆಯೂ ಹೇಳಬಹುದಿತ್ತು. ಎರಡು ವರ್ಷ ಬಿಟ್ಟು ಹೇಳಿದ, “ನೀ ಅವತ್ತು ನನ್ನ ದೇವರಿಗೆ ಒಪ್ಪಿಸಿದ್ದಕ್ಕ ಇವತ್ತು ಇಲ್ಲಿದ್ದೀನಿ” ಅಂತ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಸ್ನಾನಕ್ಕೆ ಹೊರಟಿದ್ದರೆ, ಹಿಂದಿನ ರಾತ್ರಿಯೇ ಆ ಮಾತು ಹೇಳಿಸಿ.

ಶಬ್ದಗಳ ಬಗ್ಗೆಯೂ ಒಂದು ಮಾತು: ಕ್ಯಾಥೊಲಿಕರ ಮನೆಯಲ್ಲಿ ಜ್ಞಾನಸ್ನಾನ ಅನ್ನಿ, ನಮ್ಮವರ ಹತ್ತಿರ ದೀಕ್ಷಾಸ್ನಾನ. ಅವರವರ ಶಬ್ದ ಬಳಸಿದರೆ ಅವರ ಮುಖ ಸಡಿಲಾಗುತ್ತದೆ.

ಇನ್ನು ಬೈಬಲಿನ ವಚನಗಳು. ನಮ್ಮ ಭಾಗದಲ್ಲಿ ವಚನದ ಬಲ ಹೆಚ್ಚು; ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೂತು ಬೈಬಲನ್ನು ಕನ್ನಡಕ್ಕೆ ತಂದ ಸೀಮೆ ಇದು. ಆದರೆ ಇಸ್ಪೀಟಿನ ಎಲೆ ಎಸೆದಂತೆ ವಚನ ಎಸೆಯಬೇಡಿ. ಒಬ್ಬರು ಎಫೆಸದವರಿಗೆ 2:8–9 ಎಸೆಯುತ್ತಾರೆ: ಕೃಪೆಯಿಂದಲೇ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ. ಇನ್ನೊಬ್ಬರು ಯಾಕೋಬ 2:24 ಎಸೆಯುತ್ತಾರೆ: ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದಲೂ. ನನ್ನ ನಿಯಮ ಸರಳ: ಎಸೆದವರೇ ಮುಂದಿನ ಎರಡು ವಚನ ಗಟ್ಟಿಯಾಗಿ ಓದಬೇಕು. ಎಫೆಸದವರಿಗೆ 2:10ಕ್ಕೆ ಬರುವಷ್ಟರಲ್ಲಿ ಸತ್ಕ್ರಿಯೆಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ್ದಾನೆ ಅಂತ ಅವರ ಬಾಯಿಂದಲೇ ಬರುತ್ತದೆ.

ಈ ಜಗಳಕ್ಕೆ ಪ್ರೊಟೆಸ್ಟಂಟರ ಮೂಲಪುರುಷ ಲೂಥರ್ 1517ರಲ್ಲಿ ಕಿಡಿ ಹಚ್ಚಿದ, ಕ್ಯಾಥೊಲಿಕರು 1547ರಲ್ಲಿ ಟ್ರೆಂಟಿನ ಮಹಾಸಭೆಯಲ್ಲಿ ಉತ್ತರ ಕೊಟ್ಟರು, ನಮಗೆಲ್ಲ ಗೊತ್ತಿರುವುದು ಅಷ್ಟೇ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಎಷ್ಟು ಜನಕ್ಕೆ ಗೊತ್ತು? ದೇವರು ನಮ್ಮನ್ನು ಅಂಗೀಕರಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ. ಆ ಕೃಪೆಯೇ ನಮ್ಮನ್ನು ಸತ್ಕ್ರಿಯೆಗೆ ಎಬ್ಬಿಸುತ್ತದೆ ಅಂತ ಇಬ್ಬರೂ ಒಪ್ಪಿದರು. 2006ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮೆಥೊಡಿಸ್ಟರ ವಿಶ್ವ ಪರಿಷತ್ತೂ ಸೇರಿಕೊಂಡಿತು. ಅಂದರೆ ನನ್ನ ತವರೂ ಅತ್ತೆಮನೆಯೂ ರಾಜಿಯಾಗಿ ವರ್ಷಗಳೇ ಕಳೆದಿವೆ. ಊಟದ ಮನೆಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿಲ್ಲ. ಎಲ್ಲವೂ ಬಗೆಹರಿದಿಲ್ಲ ನಿಜ, ಶುದ್ಧೀಕರಣ ಸ್ಥಳ ಹಾಗೇ ಉಳಿದಿದೆ. ಆದರೆ “ಕ್ಯಾಥೊಲಿಕರು ಪುಣ್ಯ ಕೊಟ್ಟು ಸ್ವರ್ಗ ಕೊಳ್ತಾರ” ಅಂತ ಯಾರಾದರೂ ಅಂದರೆ ಆ ತಾರೀಖು ಹೇಳಿ.

ಸಿಕ್ಕ ರಕ್ಷಣೆ ಕಳೆದುಹೋಗುತ್ತದೋ ಇಲ್ಲವೋ ಅನ್ನುವುದನ್ನು ಊಟಕ್ಕೆ ಕೂತಾಗ ಎತ್ತಲೇಬೇಡಿ. ಪ್ರೊಟೆಸ್ಟಂಟರಲ್ಲೇ ಕಾಲ್ವಿನ್ ಅನ್ನುವ ಗುರುವಿನ ಕಡೆಯವರು, ದೇವರು ಆರಿಸಿದವರು ಕೊನೆವರೆಗೂ ಉಳಿಯುತ್ತಾರೆ ಅಂತ 1618–19ರಲ್ಲಿ ಹಾಲೆಂಡಿನ ಡಾರ್ಟ್ ಮಹಾಸಭೆಯಲ್ಲಿ ಗಟ್ಟಿಮಾಡಿದರು. ವೆಸ್ಲಿ, ಕ್ಯಾಥೊಲಿಕರು, ಹೆಚ್ಚಿನ ಪೆಂತೆಕೊಸ್ತಿನವರು ಕಳೆದುಕೊಳ್ಳಬಹುದು ಅನ್ನುತ್ತಾರೆ. ನನ್ನ ಕೈಯಿಂದ ಯಾರೂ ಕಸಿದುಕೊಳ್ಳರು ಅನ್ನುವ ಯೋಹಾನ 10:28 ಒಂದು ಕಡೆ, ಜಾರಿಬಿದ್ದವರ ಬಗ್ಗೆ ಎಚ್ಚರಿಸುವ ಇಬ್ರಿಯರಿಗೆ 6 ಇನ್ನೊಂದು ಕಡೆ. ಈ ಪ್ರಶ್ನೆ ಕೇಳುವವರ ಮನೆಯಲ್ಲಿ ಬಹಳ ಸಲ ಕುಡಿಯುವ ಮಗನೋ ಸಭೆ ಬಿಟ್ಟ ಮಗಳೋ ಇರುತ್ತಾರೆ. ಮೊದಲು ಅವರ ಸುದ್ದಿ ಕೇಳಿ.

ಸಾವಿನ ಮನೆಯಲ್ಲಿ ಸುಮ್ಮನಿರುವುದನ್ನು ಕಲಿಯಿರಿ. ಒಬ್ಬ ತಾಯಿ ಜ್ಞಾನಸ್ನಾನಕ್ಕೆಂದು ಫ್ರಾಕು ಹೊಲಿಯಲು ಕೊಟ್ಟಿದ್ದಳು. ಭಾನುವಾರಕ್ಕೆ ಮೂರು ದಿನ ಇರುವಾಗ ಕೂಸು ತೀರಿಕೊಂಡಿತು. ಅದೇ ಫ್ರಾಕನ್ನು ಮಣ್ಣಿಗೆ ಹಾಕಲು ಒಯ್ಯುವುದಕ್ಕೆ ಬಂದವಳು ಬಾಗಿಲಲ್ಲೇ ನಿಂತು, “ಸ್ನಾನ ಆಗಿರಲಿಲ್ಲಲ್ಲಕ್ಕಾ” ಅಂದಳು. ಹಿಂದಿನ ಕ್ಯಾಥೊಲಿಕ್ ಅಜ್ಜಿಯಂದಿರು ಇಂಥ ಕೂಸುಗಳಿಗೆ ಲಿಂಬೋ ಅನ್ನುವ ಜಾಗ ಹೇಳುತ್ತಿದ್ದರು, ಸ್ವರ್ಗವೂ ಅಲ್ಲ, ಯಾತನೆಯೂ ಇಲ್ಲ. ಅದು ಸಭೆಯ ಕಡ್ಡಾಯ ಬೋಧನೆ ಎಂದೂ ಆಗಿರಲಿಲ್ಲ. ಈಗಿನ ಅವರ ಧರ್ಮಬೋಧೆ ಅಂಥ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ದೇವರು ರಕ್ಷಣೆಯನ್ನು ಜ್ಞಾನಸ್ನಾನದ ಸಂಸ್ಕಾರಕ್ಕೆ ಕಟ್ಟಿದ್ದಾನೆ, ತಾನು ಮಾತ್ರ ಸಂಸ್ಕಾರಕ್ಕೆ ಕಟ್ಟುಬಿದ್ದಿಲ್ಲ ಅನ್ನುತ್ತದೆ. ಇದೆಲ್ಲ ನನಗೆ ಆಗ ಗೊತ್ತಿತ್ತು. ಹೇಳಲಿಲ್ಲ. ಬೆನ್ನಿನ ಗುಂಡಿ ಇನ್ನೂ ಹಚ್ಚಿರಲಿಲ್ಲ, ಕೂರಿಸಿ ಚಹಾ ಕೊಟ್ಟು ಮೂರೂ ಗುಂಡಿ ಹಚ್ಚಿಕೊಟ್ಟೆ.

ಕೊನೆಯದು, ಕ್ರೈಸ್ತರಲ್ಲದವರು ಕೇಳಿದಾಗ. ನನ್ನ ಅಂಗಡಿಯ ಹುಡುಗಿ ಒಂದು ಮಧ್ಯಾಹ್ನ ಅಂಚು ಹೊಲಿಯುತ್ತಲೇ ಕೇಳಿದಳು, “ಅಕ್ಕಾರ, ನಿಮ್ಮವರ ಲೆಕ್ಕದಾಗ ನಾ ಸತ್ರ ಎಲ್ಲಿಗಿ ಹೋಗ್ತೀನ್ರಿ?” ದಿನಾ ಸಂಜೆ ಕಾಳಮ್ಮನ ಗುಡಿಗೆ ಹೋಗಿ ಬರುವ ಹುಡುಗಿ. ಇಂಥವರ ಮುಂದೆ ಸುಳ್ಳು ಸಮಾಧಾನ ಹೇಳಬಾರದು, ಹೆದರಿಸಲೂಬಾರದು. ಎಲ್ಲ ಸಭೆಯ ಉತ್ತರವನ್ನೂ ಅವರವರು ಹೇಳುವಂತೆಯೇ ಹೇಳಿ, ಆಮೇಲೆ ನಿಮ್ಮದನ್ನು ಹೇಳಿ.

ನಾನು ಹೇಳಿದ್ದು ಇಷ್ಟು. ನನ್ನ ತಮ್ಮನ ಸಭೆಯಲ್ಲಿ ಅಪೊಸ್ತಲರ ಕೃತ್ಯಗಳು 4:12 ಹಿಡಿಯುತ್ತಾರೆ, ಏಸುವಿನ ಹೆಸರೊಂದರಿಂದಲೇ ರಕ್ಷಣೆ. ಅವನನ್ನು ನಂಬದೆ ಸತ್ತರೆ ಇಲ್ಲ. ಹಾಗೆ ನಂಬಿರುವುದಕ್ಕೇ ನನ್ನ ತಮ್ಮ ನಿನ್ನ ಕೈಗೆ ಕರಪತ್ರ ಕೊಡುತ್ತಾನೆ, ನಿನ್ನ ಮೇಲೆ ಸಿಟ್ಟಿದ್ದು ಅಲ್ಲ. ಅತ್ತೆಯ ಸಭೆಯವರು ಒಂದು ಕಾಲಕ್ಕೆ ಸಭೆಯ ಹೊರಗೆ ರಕ್ಷಣೆಯೇ ಇಲ್ಲ ಅನ್ನುತ್ತಿದ್ದರು. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಆ ಮಾತನ್ನು ಬಿಡಿಸಿ ಹೇಳಿದರು: ತನ್ನ ತಪ್ಪಿಲ್ಲದೆ ಕ್ರಿಸ್ತನನ್ನೂ ಸಭೆಯನ್ನೂ ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಹುಡುಕಿ, ಮನಸ್ಸಾಕ್ಷಿಯಂತೆ ನಡೆದರೆ ಅವರಿಗೂ ರಕ್ಷಣೆ ಸಾಧ್ಯ, ಆದರೂ ಅದು ಕ್ರಿಸ್ತನ ಮೂಲಕವೇ ಬರುವಂಥದು. ಇನ್ನು ಕೊನೆಗೆ ಎಲ್ಲರನ್ನೂ ದೇವರು ಸೇರಿಸಿಕೊಳ್ಳುತ್ತಾನೆ ಅಂತ ಆಶಿಸಿದವರು ಹಳೆಯ ಕಾಲದಿಂದ ಇದ್ದಾರೆ, ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಜನ್ ಅಂಥವನೊಬ್ಬ. ಬಹಳ ಸಭೆಗಳು ಅದನ್ನು ಒಪ್ಪುವುದಿಲ್ಲ.

“ನಿಮ್ದೇನ್ರಿ?” ಅಂದಳು.

1 ತಿಮೊಥೆ 2:4 ಹೇಳಿದೆ, ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕು ಅನ್ನುವುದು ದೇವರ ಚಿತ್ತ. ಏಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಸಂಗತಿ ಹೇಳಿದೆ, ಸ್ನಾನ ಇಲ್ಲ, ಸಭೆ ಇಲ್ಲ, ಒಂದೇ ಒಂದು ಮಾತು ಬೇಡಿಕೊಂಡ. ನಾನು ಏಸುವನ್ನು ಬಿಟ್ಟು ಬೇರೆ ದಾರಿ ಅರಿಯೆ, ಆದರೆ ನೀನು ಎಲ್ಲಿಗೆ ಹೋಗುತ್ತೀ ಅನ್ನುವ ತೀರ್ಪು ನನ್ನ ಕೈಯಲ್ಲಿ ಕೊಟ್ಟಿಲ್ಲ ಅಂದೆ. ಅವಳು ಸ್ವಲ್ಪ ಹೊತ್ತು ಸೂಜಿ ನಿಲ್ಲಿಸಿ ಯೋಚಿಸಿದಳು. ಆಮೇಲೆ ನಾಣ್ಯದ ಡಬ್ಬಿ ಎಳೆದುಕೊಂಡು ಕೇಳಿದಳು, “ಈ ಅಂಗಿ ಯಾರದ್ರಿ, ದಪ್ಪ ಅದಾರೇನು? ಎಂಟು ಹಾಕ್ಲಾ, ಹತ್ತು ಹಾಕ್ಲಾ?”